ಅವ್ವ ಮುದ್ದೆ ಬಿಟ್ಟ ವರ್ಷ

ಅವ್ವ ಮುದ್ದೆ ಬಿಟ್ಟಳು ಎಂಬ ಸುದ್ದಿ ನಮ್ಮ ಕೇರಿಗೆಲ್ಲ ಹಬ್ಬಲು ಒಂದು ಹೊತ್ತು ಸಾಕಾಯಿತು. ನಮ್ಮೂರಿನಲ್ಲಿ ಹೆಂಗಸೊಬ್ಬಳು ಮುದ್ದೆ ಬಿಟ್ಟಳೆಂದರೆ ಅವಳಿಗೆ ಕಾಯಿಲೆ ಎಂದಲ್ಲ, ಹರಕೆ ಎಂದೂ ಅಲ್ಲ. ಹೊಳೆ ದಾಟಲು ಹೊರಟಿದ್ದಾಳೆ ಎಂದು ಅರ್ಥ.

ಹೊಳೆಗೆ ಇದ್ದದ್ದು ಒಂದೇ ಸೇತುವೆ, ಹಗ್ಗ ಹಲಗೆಗಳ ತೂಗುಸೇತುವೆ. ಮೊದಲ ಸಲ ದಾಟುವವರನ್ನು ಅದು ಏನೂ ಕೇಳುತ್ತಿರಲಿಲ್ಲ. ಆದರೆ ಆ ದಿನ ಮೈ ಎಷ್ಟು ಭಾರವಿತ್ತೋ ಅದಕ್ಕಿಂತ ಹೆಚ್ಚಾಗಿ ಮತ್ತೆಂದೂ ದಾಟಗೊಡುತ್ತಿರಲಿಲ್ಲ. ಅಡ್ಡ ನಿಲ್ಲುತ್ತಲೂ ಇರಲಿಲ್ಲ, ಸುಮ್ಮನೆ ಉದ್ದವಾಗುತ್ತಿತ್ತು. ನಡೆದಷ್ಟೂ ಹಲಗೆ. ಸಾಕಾಗಿ ಹಿಂದಕ್ಕೆ ತಿರುಗಿದರೆ ನಾಲ್ಕು ಹೆಜ್ಜೆಗೆ ಹೊರಟ ದಡವೇ ಬರುತ್ತಿತ್ತು. ತಲೆಹೊರೆಯ ಲೆಕ್ಕ ಅದಕ್ಕಿರಲಿಲ್ಲ, ಮೈಯ ಲೆಕ್ಕ ಮಾತ್ರ. ಕೆಳಗೆ ಹೊಳೆಯೆಲ್ಲ ಬಂಡೆ ಮತ್ತು ಸುಳಿ. ದೋಣಿ ಹಾಕಿದವರ ದೋಣಿ ಉಳಿಯಲಿಲ್ಲ.

ಊರು ಇದಕ್ಕೆ ತಕ್ಕಂತೆ ಬದುಕು ಕಟ್ಟಿಕೊಂಡಿತ್ತು. ಮಕ್ಕಳನ್ನು ಯಾರೂ ದಾಟಿಸುತ್ತಿರಲಿಲ್ಲ. ಮಗುವಿನ ಮೈಯಲ್ಲಿ ಒಮ್ಮೆ ದಾಟಿಬಿಟ್ಟರೆ ಬೆಳೆದ ಮೇಲೆ ಜನ್ಮದಲ್ಲಿ ಆಗದು. ಆಚೆಯಿಂದ ಮದುವೆಗೆ ಬಂದ ಬೀಗರು ಎಲೆಯ ಮುಂದೆ ಕೂತು ಕೋಸಂಬರಿ ತಿಂದು ಏಳುತ್ತಿದ್ದರು. ಆಸೆ ತಡೆಯಲಾರದೆ ಒಬ್ಬಟ್ಟು ಬಾರಿಸಿದವರು ಇಲ್ಲೇ ಉಳಿದು, ಕೆರೆ ಏರಿಯ ಮೇಲೆ ಬೆವರು ಸುರಿಸಿಕೊಂಡು ಓಡುತ್ತಿದ್ದರು. ನಾವು ಮಕ್ಕಳು ಏರಿಯ ಕಲ್ಲುಗಳ ಮೇಲೆ ಸಾಲಾಗಿ ಕೂತು, "ಒಬ್ಬಟ್ಟು ಕರಗ್ತಾ ಮಾವಾ?" ಎಂದು ಕೂಗುತ್ತಿದ್ದೆವು. "ಹೂರಣ ಕರಗೈತೆ, ಕಣಕ ಇನ್ನೂ ಐತೆ" ಎಂದು ಅವರೂ ಓಡುತ್ತಲೇ ಹೇಳುತ್ತಿದ್ದರು.

ಆಚೆಯಿಂದ ತಂದ ಸೊಸೆಗೆ ಮೊದಲ ತಿಂಗಳುಗಳಲ್ಲಿ ಅತ್ತೆಯೇ ಕೈಯಾರೆ ಬಡಿಸುವುದು ನಮ್ಮಲ್ಲಿ ಪದ್ಧತಿ. ಬೆಳಿಗ್ಗೆ ಬಿಸಿ ಮುದ್ದೆ, ಮಧ್ಯಾಹ್ನ ಅನ್ನ, ಸಂಜೆಗೆ ಕಜ್ಜಾಯ. ಅದರಲ್ಲಿ ಪ್ರೀತಿ ಇರಲಿಲ್ಲ ಎನ್ನಲಾರೆ. ಬುದ್ಧಿಯೂ ಇತ್ತು. ಮೊದಲ ಗೌರಿ ಹಬ್ಬ ಬರುವ ಹೊತ್ತಿಗೆ ಸೊಸೆಗೆ ತವರಿನ ದಾರಿ ಮುಚ್ಚಿರುತ್ತಿತ್ತು. ನಮ್ಮಜ್ಜಿಗೆ ಹಾಗೆ ಮುಚ್ಚಿತ್ತು. ಅಜ್ಜಿ ಅವ್ವನಿಗೂ ಹಾಗೇ ಮುಚ್ಚಿದಳು.

ಅವ್ವನ ಹೆಸರು ಹೊನ್ನಾಜಮ್ಮ. ಅವಳು ಉಣ್ಣುವುದನ್ನು ನೋಡಬೇಕಿತ್ತು. ಎಲ್ಲರಿಗೂ ಬಡಿಸಿ, ಕೊನೆಗೆ ಒಲೆಯ ಪಕ್ಕ ಕಾಲು ಚಾಚಿ ಕೂತು, ತಟ್ಟೆಯ ನಡುವೆ ಮುದ್ದೆ ಇಟ್ಟು, ಅದರ ಸುತ್ತ ಬಸ್ಸಾರು ಬಿಟ್ಟುಕೊಳ್ಳುತ್ತಿದ್ದಳು. ಮುರಿದು, ಸಾರಲ್ಲಿ ಹೊರಳಿಸಿ, ಕಣ್ಣು ಮುಚ್ಚಿ ನುಂಗುತ್ತಿದ್ದಳು. ಆಗ ಯಾರು ಕರೆದರೂ ಓಗೊಡುತ್ತಿರಲಿಲ್ಲ. ದಿನದಲ್ಲಿ ಅವಳದು ಎಂದು ಇದ್ದದ್ದು ಅದೊಂದೇ ಹೊತ್ತು.

ಅಂಥವಳು ಮುದ್ದೆ ಬಿಟ್ಟದ್ದು ನನ್ನ ಅಕ್ಕ ಸುಗುಣಳಿಗಾಗಿ. ಅಕ್ಕನನ್ನು ಹೊಳೆಯಾಚೆಗೆ ಕೊಟ್ಟಿದ್ದರು. ಮದುವೆ ಗೊತ್ತಾದ ಮೇಲೆ ಅವಳಿಗೆ ಟೈಫಾಯ್ಡ್ ಬಂತು. ಮಲಗಿ ಎದ್ದವಳು ಒಣಗಿದ ಜೋಳದ ದಂಟಿನಂತಿದ್ದಳು. ಇನ್ನೆರಡು ತಿಂಗಳು ತಡೆಯೋಣ, ಮೈ ತುಂಬಲಿ ಎಂದು ಅವ್ವ ಅಂಗಲಾಚಿದಳು. ಗಂಡಿನವರು ಲಗ್ನ ಮೀರುತ್ತದೆ ಎಂದರು, ಅಪ್ಪ ಒಪ್ಪಿದ. ಅಕ್ಕ ಆ ಮೈಯಲ್ಲೇ ಸೇತುವೆ ದಾಟಿದಳು. ಅಲ್ಲಿ ಹೋಗಿ ನಾಲ್ಕು ದಿನ ಚೆನ್ನಾಗಿ ಉಂಡಳೋ ಇಲ್ಲವೋ, ಮುಗಿಯಿತು. ಇನ್ನೊಂದು ಟೈಫಾಯ್ಡ್ ಬಂದರಷ್ಟೇ ಅವಳು ತವರು ನೋಡುವಳು ಎಂದು ಊರವರು ನಗೆಯಾಡಿದರು. ಅವ್ವ ನಗಲಿಲ್ಲ.

ಅಕ್ಕ ಬಸುರಿ ಎಂಬ ಸುದ್ದಿ ತಂದವಳು ಕರೀಂಬಿ. ಒಣಮೀನಿನ ಬುಟ್ಟಿ ಹೊತ್ತು ಎರಡೂ ದಡದಲ್ಲಿ ಮಾರುವವಳು. ದಪ್ಪಗಿದ್ದರೂ ಅವಳಿಗೆ ಸೇತುವೆ ಎಂದೂ ಉದ್ದವಾಗುತ್ತಿರಲಿಲ್ಲ. ಗುಟ್ಟೇನು ಎಂದರೆ ಹೊಟ್ಟೆ ತಟ್ಟಿಕೊಂಡು ಹೇಳುತ್ತಿದ್ದಳು: "ಮೊದಲ್ನೇ ಸಲ ದಾಟ್ದಾಗ ನಂಗೆ ದಿನ ತುಂಬಿತ್ತು. ಒಳಗಿದ್ದೋನು ನಮ್ಮ ಗಫೂರ, ಹುಟ್ಟೋವಾಗ್ಲೇ ಕುಂಬಳಕಾಯಿ. ಈಗ ನಾನೆಷ್ಟು ತಿಂದ್ರೂ ಆ ಲೆಕ್ಕ ಮುಟ್ಟಲ್ಲ."

ಆವತ್ತು ಜಗಲಿಯ ಮೇಲೆ ಬುಟ್ಟಿ ಇಳಿಸಿ, "ಹೊನ್ನಕ್ಕ, ನಿನ್ನ ಮಗಳು ಹೇಳಿ ಕಳ್ಸವ್ಳೆ. ಬಾಣಂತನಕ್ಕೆ ಅವ್ವ ಬೇಕಂತೆ. ಅತ್ತೆ ಮನೇಲಿ ಮಾಡೋರು ಯಾರೂ ಇಲ್ಲ. ಆ ಅತ್ತೆಗೆ ಸೊಂಟಾನೇ ಇಲ್ಲ" ಎಂದಳು.

ನಾನು, "ನಾನು ಹೋಗ್ತೀನಿ ಕಣವ್ವ" ಎಂದೆ. ನಾನು ಆವರೆಗೂ ದಾಟಿದವಳಲ್ಲ, ನನ್ನನ್ನು ಸೇತುವೆ ತಡೆಯುವಂತಿರಲಿಲ್ಲ. ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ಕಡ್ಡಿ ಮೈಯಲ್ಲಾ? ಆಮೇಲೆ ನೀನೂ ಅಲ್ಲೇ ಇರು, ಇಬ್ರನ್ನೂ ಕಳ್ಕಂಡು ನಾನು ಇಲ್ಲಿ ಗೋಡೆ ನೋಡ್ತೀನಿ. ಸುಮ್ಕೆ ಕೂತ್ಕೊ ಇಂದ್ರಿ" ಎಂದಳು. ಆ ಹೊತ್ತಿನಿಂದಲೇ ಮುದ್ದೆ ಬಿಟ್ಟಳು.

ಮೊದಲ ತಪ್ಪು ಅಲ್ಲೇ ಆಯಿತು. ಅವ್ವನಿಗೆ ಗೊತ್ತಿದ್ದ ಒಪ್ಪತ್ತು ನಮ್ಮ ಕಡೆಯ ಎಲ್ಲ ಹೆಂಗಸರಿಗೂ ಗೊತ್ತಿದ್ದದ್ದೇ: ಮುದ್ದೆ, ಅನ್ನ ಮುಟ್ಟಬಾರದು, ಉಳಿದದ್ದೆಲ್ಲ ಫಲಾಹಾರ. ಬೆಳಿಗ್ಗೆ ಅವಲಕ್ಕಿ ಒಗ್ಗರಣೆ. ಮಧ್ಯಾಹ್ನ ಉಪ್ಪಿಟ್ಟು. ಸಂಜೆಗೆ ಎರಡು ಬಾಳೆಹಣ್ಣು, ಸಬ್ಬಕ್ಕಿ ಪಾಯಸ. ಹೀಗೆ ಒಂದು ತಿಂಗಳು ಕಟ್ಟುನಿಟ್ಟಾಗಿ ಉಪವಾಸ ಮಾಡಿ ಸೇತುವೆ ಹತ್ತಿದರೆ ಅದು ಮೊದಲಿಗಿಂತ ಉದ್ದವಾಗಿತ್ತು. ಜೊತೆಗೆ ಹಸಿವು ಬೇರೆ. ಅವಲಕ್ಕಿ ತಿಂದು ಕೈ ತೊಳೆಯುವುದರೊಳಗೆ ಹೊಟ್ಟೆ ಮತ್ತೆ ಕೈ ಚಾಚುತ್ತಿತ್ತು. ಅವ್ವ ಒಂದು ಕಡೆ ಉಪವಾಸ, ಒಂದು ಕಡೆ ಹಸಿವು, ಎರಡನ್ನೂ ಹೊತ್ತುಕೊಂಡು ಓಡಾಡುತ್ತಿದ್ದಳು.

ಬಿಡಿಸಿ ಹೇಳಿದವಳು ಅಜ್ಜಿ. ಹೇಳಬೇಕೆಂದು ಹೇಳಿದ್ದಲ್ಲ, ಹಂಗಿಸಲು ಹೇಳಿದ್ದು. ಜಗಲಿಯಲ್ಲಿ ಎಲೆ ಅಡಿಕೆ ಮೆಲ್ಲುತ್ತಾ ಬೀದಿಗೆ ಕೇಳುವಂತೆ, "ನನ್ ಸೊಸೆ ವ್ರತ ಮಾಡ್ತಾವ್ಳೆ! ಅವಲಕ್ಕಿ ಏನು ಆಕಾಶ್ದಿಂದ ಉದುರ್ತದಾ? ಅದೂ ಭತ್ತದ ಹೊಟ್ಟೇಲೇ ಹುಟ್ಟಿದ್ದು. ಅವ್ವನ್ನ ಓಡ್ಸಿ ಮಕ್ಕಳ್ನ ಮನೇಲಿ ಮಡೀಕಂಡವ್ಳೆ!" ಎಂದಳು.

ಒಳಗೆ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದ ಅವ್ವನ ಕೈ ನಿಂತಿತು. ಬಾಣಲೆ ಇಳಿಸಿದಳು. ರವೆ ನೋಡಿದಳು, ಅವಲಕ್ಕಿ ಡಬ್ಬ ನೋಡಿದಳು, ಗೂಟಕ್ಕೆ ತೂಗುಹಾಕಿದ್ದ ಬಾಳೆಗೊನೆ ನೋಡಿದಳು. "ಹೌದಲ್ಲೇ ಇಂದ್ರಿ" ಎಂದಳು. "ಮುದ್ದೆನ ಮುಂಬಾಗ್ಲಿಂದ ಓಡಿಸ್ದೆ. ದಾಯಾದಿಗಳೆಲ್ಲ ಹಿತ್ಲಿಂದ ಬಂದ್ ಕೂತವ್ರೆ."

ಆವತ್ತಿನಿಂದ ದಾಯಾದಿಗಳೂ ಹೊರಗೆ. ರವೆ, ಅವಲಕ್ಕಿ, ಬೆಲ್ಲ, ಬಾಳೆಹಣ್ಣು, ಆಲೂಗೆಡ್ಡೆ, ಗೆಣಸು, ಯಾವುದೂ ಇಲ್ಲ. ಅವಳ ತಟ್ಟೆಗೆ ಮೊಟ್ಟೆ ಬಂತು. ದಂಟಿನ ಸೊಪ್ಪು, ಹೊನಗೊನ್ನೆ, ಪಡವಲಕಾಯಿ, ಕಾಯಿತುರಿ, ಮೊಸರು, ಕರೀಂಬಿಯ ಮೀನು. ಭಾನುವಾರ ಕೋಳಿ ಸಾರನ್ನು ಮುದ್ದೆ ಇಲ್ಲದೆ ಬಟ್ಟಲಲ್ಲಿ ಕುಡಿಯುತ್ತಿದ್ದಳು. "ಮುದ್ದೆ ಇಲ್ದ ಸಾರು ಮದುವಣ್ಣ ಇಲ್ದ ದಿಬ್ಬಣ" ಎಂದಳು ಅಜ್ಜಿ. ನಮಗೆ ಮಾತ್ರ ಎಂದಿನಂತೆ ಮುದ್ದೆ. ತೊಳಸುವವಳು ಅವ್ವನೇ, ಉಂಡೆ ಕಟ್ಟುವವಳು ಅವ್ವನೇ. ಕೈಗೆ ಅಂಟಿದ್ದನ್ನು ನೀರಲ್ಲಿ ತೊಳೆದು ಎಮ್ಮೆಯ ಬಾನಿಗೆ ಸುರಿಯುತ್ತಿದ್ದಳು.

ಮೊದಲ ದಿನಗಳು ಕೆಟ್ಟದಾಗಿದ್ದವು. ತಲೆ ಸಿಡಿಯುತ್ತದೆ ಎಂದು ಸೆರಗು ಬಿಗಿದು ಕಟ್ಟಿಕೊಂಡಳು. ಮಲಗಿದರೆ ಮೀನಖಂಡ ಸೆಟೆಯುತ್ತಿತ್ತು. ಹಿತ್ತಲಿಗೆ ಹೋಗಿ ಬಂದು ಹೋಗಿ ಬಂದು ಸುಸ್ತಾದಳು. ಕುಡಿದ ನೀರೆಲ್ಲ ನಿಲ್ಲದೆ ಇಳಿಯುತ್ತಿತ್ತು. ಬಾಯಿಂದ ಮಿತಿ ಮೀರಿ ಮಾಗಿದ ಹಣ್ಣಿನ ವಾಸನೆ. ಉಪ್ಪು ಹಾಕಿದ ಮಜ್ಜಿಗೆ ಕುಡಿದರೆ ತಲೆನೋವು ಸ್ವಲ್ಪ ಇಳಿಯುತ್ತಿತ್ತು. ಸಿಟ್ಟಂತೂ ಮೂಗಿನ ತುದಿಯಲ್ಲಿರಲಿಲ್ಲ, ಕೈಯಲ್ಲೇ ಇತ್ತು. ಕೂಗಿದ ತಪ್ಪಿಗೆ ಹುಂಜಕ್ಕೆ ಸೌಟು ಬೀಸಿದಳು. ಅಪ್ಪ ಊಟಕ್ಕೆ ಕೂತು, "ಸಾರಿಗೆ ಉಪ್ಪು..." ಎನ್ನುತ್ತಿದ್ದವನು ಅವಳ ಮುಖ ನೋಡಿ, "...ಸರಿಯಾಗೈತೆ" ಎಂದು ಮುಗಿಸಿದ.

ಆಮೇಲೆ ಒಂದು ಮಧ್ಯಾಹ್ನ, ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದವಳು ತಟಕ್ಕನೆ ತಲೆ ಎತ್ತಿ, "ಇಂದ್ರಿ, ನಾನು ಉಂಡ್ನಾ?" ಎಂದು ಕೇಳಿದಳು.

"ಇಲ್ಲ ಕಣವ್ವ. ಬೆಳಿಗ್ಗೆ ನೀನು ಎರಡು ಮೊಟ್ಟೆ ತಿಂದಿದ್ದೆ."

"ಹಸಿವೇ ಆಗ್ಲಿಲ್ವಲ್ಲೇ."

ಖುಷಿಯಿಂದ ಹೇಳಿದಳೆಂದುಕೊಂಡೆ. ಮುಖ ನೋಡಿದರೆ ಹೆದರಿದ್ದಳು. "ಅಳ್ತಿದ್ದ ಮಗು ತಟಕ್ನೆ ಸುಮ್ಕಾದ್ರೆ ದಿಗಿಲಾಗ್ತದಲ್ಲ, ಹಂಗಾಯ್ತದೆ" ಎಂದಳು. ಅಷ್ಟು ವರ್ಷ ಹೊತ್ತು ಹೊತ್ತಿಗೆ ಎಬ್ಬಿಸಿ ಕೂರಿಸುತ್ತಿದ್ದದ್ದು ಈಗ ಅವಳೊಳಗೆ ಮಲಗಿಬಿಟ್ಟಿತ್ತು. ನಾನು ಆ ಸಂಜೆ ಗಮನಿಸಿದೆ. ನಮಗೆಲ್ಲ ಬಡಿಸಿ ಒಲೆಯ ಪಕ್ಕ ಎಂದಿನಂತೆ ಕೂತಳು. ಕಾಲು ಚಾಚಲಿಲ್ಲ, ಕಣ್ಣು ಮುಚ್ಚಲಿಲ್ಲ. ಕೆಲಸ ಮುಗಿಸುವಂತೆ ಸೊಪ್ಪು ತಿಂದು ಎದ್ದಳು.

ಸೇತುವೆ ಮೊದಲು ಬೇಗ ಕುಗ್ಗಿತು. ಬೆಳಿಗ್ಗೆ ದನ ಬಿಟ್ಟು ಬರುವಾಗ ಅವ್ವ ಅದರ ಮೇಲೆ ನಡೆದು ನೋಡುತ್ತಿದ್ದಳು. ನಾನು ದಡದಲ್ಲಿ ನಿಲ್ಲುತ್ತಿದ್ದೆ. ಸೇತುವೆ ಒಪ್ಪದವರು ಎಷ್ಟು ನಡೆದರೂ ದಡದಲ್ಲಿ ನಿಂತವರ ಕಣ್ಣಿಗೆ ಸಣ್ಣದಾಗುವುದಿಲ್ಲ. ಅಲ್ಲೇ ಹೆಜ್ಜೆ ಹಾಕುತ್ತಿರುವಂತೆ ಕಾಣುತ್ತಾರೆ. ಆ ಮೊದಲ ದಿನಗಳಲ್ಲಿ ಅವ್ವ ಬರುಬರುತ್ತಾ ಸಣ್ಣದಾಗಿ ಕಂಡಳು. "ಆಚೆ ದಡದ ಹುಣಸೆಮರ ಕಾಣ್ತು ಕಣೇ, ಕೊಂಬೆ ಕೊಂಬೆ ಕಾಣ್ತು!" ಎಂದು ಓಡಿ ಬಂದಳು. ಆಮೇಲೆ ನಿಂತಿತು. ವಾರಗಟ್ಟಲೆ ಅದೇ ಮರ, ಅದೇ ಕೊಂಬೆ. ನೀರು ಇಳಿದಷ್ಟು ಸಲೀಸಾಗಿ ಕೊಬ್ಬು ಇಳಿಯುವುದಿಲ್ಲ. ಕಾರಣ ಅವಳ ಮಡಿಲಲ್ಲೂ ಇತ್ತು. ಮುದ್ದೆ ಇಲ್ಲವಲ್ಲ ಎಂಬ ಧೈರ್ಯದಲ್ಲಿ ಕಡಲೆಕಾಯಿ ಬೀಜವನ್ನೂ ಕೊಬ್ಬರಿಯನ್ನೂ ಸದಾ ಬಾಯಿಗೆ ಎಸೆಯುತ್ತಿದ್ದಳು. ಹಸಿವು ಮಲಗಿದ್ದರೂ ಕೈ ಎದ್ದಿತ್ತು. ಒಂದು ದಿನ ಮಡಿಲು ಕೊಡವಿ ಅದನ್ನೂ ಬಿಟ್ಟಳು. "ಕೇಳ್ದೇ ಇದ್ರೂ ಹಾಕೋದು ಯಾತಕ್ಕೆ? ಅತ್ತೆ ಹಂಗೆ ತಾನೇ ಮಾಡಿದ್ದು ನಂಗೆ" ಎಂದಳು.

ಯುಗಾದಿ ಬಂತು. ಮನೆಯಲ್ಲಿ ಹೋಳಿಗೆ. ಅಪ್ಪ ಆ ದಿನ ತಾನೇ ಒಂದು ತಟ್ಟೆಯಲ್ಲಿ ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದು, ಅಡುಗೆಮನೆಗೆ ತಂದ. ಅಪ್ಪ ಅಡುಗೆಮನೆಗೆ ತಟ್ಟೆ ತಂದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ವರ್ಷದ ಹಬ್ಬ. ಒಂದೇ ಒಂದು" ಎಂದ.

"ಬ್ಯಾಡಿ."

"ನನ್ ಕೈಯಿಂದ ಕೊಟ್ರೂ ಬ್ಯಾಡ್ವಾ?"

ಅವ್ವ ತಿಂದಳು. ಒಂದು ತಿಂದಳು, ಅಪ್ಪ ಇನ್ನೊಂದು ಇಟ್ಟ, ಅದನ್ನೂ ತಿಂದಳು. ಸಂಜೆಯ ಹೊತ್ತಿಗೆ ಅವಳೊಳಗೆ ಮಲಗಿದ್ದದ್ದು ಎದ್ದು ಕೂತಿತು. ಅಷ್ಟು ದಿನದ ಬಾಕಿಯನ್ನೆಲ್ಲ ಒಮ್ಮೆಲೇ ಕೇಳಿತು. ಅವ್ವ ಹಬ್ಬದ ಪಾತ್ರೆಗಳನ್ನು ಒಂದೊಂದಾಗಿ ಬರಿದು ಮಾಡಿದಳು. ಅನ್ನ, ಹೂರಣ, ಹೋಳಿಗೆ ಸಾರು. ನಿಂತುಕೊಂಡೇ ತಿಂದಳು. ಮಾರನೆಯ ದಿನವೂ ತಡೆಯಲಾಗಲಿಲ್ಲ, ಅದರ ಮಾರನೆಯ ದಿನವೂ. ಸೇತುವೆಗೆ ಹೋಗಿ ನೋಡಿದರೆ ಹುಣಸೆಮರ ಇರಲಿಲ್ಲ. ಬರೀ ಹಲಗೆ.

ಅಲ್ಲಿಂದ ಬಂದವಳು ನೇರ ಅಪ್ಪನ ಮುಂದೆ ನಿಂತಳು. ಅಪ್ಪ ನೊಗಕ್ಕೆ ಹಗ್ಗ ಸುತ್ತುತ್ತಿದ್ದ.

"ಬೇಕಂತ ಕೊಟ್ರಲ್ವಾ?"

ಅಪ್ಪ ಹಗ್ಗ ಸುತ್ತುತ್ತಲೇ ಇದ್ದ. ಕೊನೆಯ ಗಂಟು ಬಿಗಿದು, "ಹೋದ್ರೆ ವಾಪಸ್ ಬರ್ತೀಯಾ?" ಎಂದ. "ಮದುವೆ ಆದಾಗ್ಲಿಂದ ಆ ದಡ ನೋಡಿಲ್ಲ ನೀನು. ಅವ್ವ ಅಪ್ಪ ಇದ್ದ ಊರು. ಈಗ ಮಗ್ಳೂ ಅಲ್ಲೇ. ಇಲ್ಲೇನೈತೆ? ನಾನು, ನಮ್ಮವ್ವ, ಎರಡು ಎಮ್ಮೆ."

ಅವ್ವ ಕೂಗಾಡುತ್ತಾಳೆ ಎಂದುಕೊಂಡೆ. ಕೂಗಲಿಲ್ಲ. "ಇಷ್ಟು ವರ್ಷ ನಾನು ಇಲ್ಲಿ ಇದ್ದದ್ದು ಸೇತುವೆ ಬಿಡ್ಲಿಲ್ಲ ಅಂತ ಅಂದ್ಕಂಡಿದ್ರಾ?" ಎಂದಳು. "ನೀವು ಹಂಗೇ ಅಂದ್ಕಂಡಿದ್ರಾ?"

ಅಪ್ಪ ಹಾಗೇ ಅಂದುಕೊಂಡಿದ್ದ. ನಮ್ಮೂರಿನ ಗಂಡಸರೆಲ್ಲ ಹಾಗೇ ಅಂದುಕೊಂಡಿದ್ದರು, ಅದಕ್ಕೇ ಕಜ್ಜಾಯ ಮಾಡಿಸುತ್ತಿದ್ದರು. ಆದರೆ ಸಂಜೆ ಅಪ್ಪ ಕೆರೆಯಲ್ಲಿ ಗಾಳ ಹಾಕಿ ಕೂತು, ಎರಡು ಮೀನು ಹಿಡಿದು ತಂದು, ತಾನೇ ಉಜ್ಜಿ ಕೊಟ್ಟ. ಆಮೇಲೆ ದಿನವೂ ತಂದ. ಬಾಳೆಗೊನೆಯನ್ನು ಅಟ್ಟದ ಮೇಲೆ ಅವಳ ಕಣ್ಣಿಗೆ ಬೀಳದಂತೆ ಇಟ್ಟ. ಮತ್ತೆ ತಲೆ ಸಿಡಿತ, ಮತ್ತೆ ಸೌಟು. ಈ ಸಲ ಹುಂಜ ಜಾಣವಾಗಿತ್ತು. ಮತ್ತೆ ಒಂದು ಮಧ್ಯಾಹ್ನ ಅವ್ವ ಊಟ ಮರೆತಳು. ಆವತ್ತು ಅವಳು ಹೆದರಲಿಲ್ಲ.

ಅಕ್ಕನಿಗೆ ದಿನ ತುಂಬುತ್ತಾ ಬಂದಿತ್ತು. "ಹೊಟ್ಟೆ ಕೆಳಗಿಳಿದೈತೆ, ಈ ಅಮಾಸೆ ದಾಟಲ್ಲ" ಎಂದಳು ಕರೀಂಬಿ. ಅವ್ವನ ರವಿಕೆಗಳೆಲ್ಲ ಚೀಲವಾಗಿದ್ದವು. ಕೆನ್ನೆಯ ಮೂಳೆ ಕಾಣುತ್ತಿತ್ತು. ಹಸಿವಿಲ್ಲದವಳಿಗೆ ಶಕ್ತಿ ಎಲ್ಲಿಂದ ಬರುತ್ತಿತ್ತೋ, ಇಡೀ ಹಿತ್ತಲು ಅಗೆದು ಸೊಪ್ಪು ಹಾಕಿದ್ದಳು. ಅಮಾವಾಸ್ಯೆ ಹತ್ತಿರವಿದ್ದಾಗ ಒಂದು ಬೆಳಿಗ್ಗೆ ಬಾಣಂತಿಗೆ ಬೇಕಾದ ಮೆಣಸು, ಬೆಳ್ಳುಳ್ಳಿ, ಹಳೆ ಸೀರೆಯ ತುಂಡುಗಳನ್ನು ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಂಡಳು. ಆಗುತ್ತೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಅಪ್ಪ, ನಾನು ದಡಕ್ಕೆ ಹೋದೆವು. ಬರುವುದಿಲ್ಲ ಎಂದಿದ್ದ ಅಜ್ಜಿ ಕೋಲೂರಿಕೊಂಡು ಹಿಂದೆ ಬಂದಳು.

ಅವ್ವ ನಡೆದಳು. ಬಹಳ ಹೊತ್ತು ಅಷ್ಟೇ ಕಂಡಳು. ಅಪ್ಪನ ಕುತ್ತಿಗೆಯ ನರ ಎದ್ದಿತ್ತು. ಆಮೇಲೆ ಗಂಟು ಸಣ್ಣದಾಯಿತು. ಅವ್ವ ಸಣ್ಣದಾದಳು. ಹಸಿರು ಸೀರೆ ಒಂದು ಎಲೆಯಷ್ಟಾಯಿತು, ಆಮೇಲೆ ಎಲೆಯೂ ಇಲ್ಲ.

"ಹೋದ್ಲು" ಎಂದ ಅಪ್ಪ. ಅಜ್ಜಿ ಕೋಲಿನಿಂದ ನೆಲ ಕೆದಕುತ್ತಾ ನಿಂತಿದ್ದಳು. ಅವಳ ಕಣ್ಣು ಅವ್ವ ಹೋದ ಕಡೆಗಿರಲಿಲ್ಲ, ಅದಕ್ಕೂ ಆಚೆ ಎಲ್ಲೋ ಇತ್ತು.

ಅಕ್ಕನಿಗೆ ಹೆಣ್ಣು ಮಗುವಾಯಿತು. ಬಾಣಂತನದ ತಿಂಗಳುಗಳಲ್ಲಿ ಮುದ್ದೆ ತೊಳಸಿದವಳು ನಾನು. ಗಂಟು ಗಂಟು ಮುದ್ದೆ. ಅಜ್ಜಿ ಬಾಯಿಗಿಟ್ಟು, "ಬೇಕಾದ್ರೆ ಕಲ್ಲಲ್ಲಿ ಹೊಡಿ, ಇದ್ರಲ್ಲಿ ಹೊಡಿಬ್ಯಾಡ" ಎನ್ನುತ್ತಿದ್ದಳು. ಸುದ್ದಿ ಎಲ್ಲ ಕರೀಂಬಿಯದು. "ಮಗಳಿಗೆ ತುಪ್ಪದ ಅನ್ನ ಕಲ್ಸಿ ಕಲ್ಸಿ ಕೊಡ್ತಾಳೆ ಹೊನ್ನಕ್ಕ. ಬೆರಳು ನೆಕ್ಕಲ್ಲ, ನೀರಲ್ಲಿ ತೊಳ್ಕಂತಾಳೆ. ನಾಮಕರಣದ ದಿನ ಬೀಗ್ತಿ ಎಲೆ ತುಂಬ ಬಡಿಸಿದ್ರು. ಇವ್ಳು ಪಲ್ಯ ತಿಂದು ಎದ್ಲು. ಬೀಗ್ತಿಗೆ ಸಿಟ್ಟು ಬಂತು." ಅಪ್ಪ ಇದನ್ನು ಇನ್ನೊಂದು ಸಲ ಹೇಳಿಸಿದ. ಆಮೇಲೆ ಬೇಡದಿದ್ದರೂ ಅವಳ ಹತ್ತಿರ ಒಂದು ಸೇರು ಒಣಸೀಗಡಿ ಕೊಂಡ.

ಅವ್ವ ಹಿಂದಿರುಗಿದ್ದು ಒಂದು ಸಂಜೆ, ದನ ಬರುವ ಹೊತ್ತಿಗೆ. ಎಮ್ಮೆ ಅವಳನ್ನು ಮೂಸಿ ನೋಡಿತು. ಅಪ್ಪನಿಗೆ ನಾಚಿಕೆಯಾಯಿತು. ಮದುವೆಯ ದಿನದ ಮೈಯಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಲಾರದೆ ಕೊಟ್ಟಿಗೆಗೆ ಹೋಗಿ ಕಟ್ಟಿದ ಹಗ್ಗವನ್ನೇ ಮತ್ತೆ ಕಟ್ಟಿದ. ಅಜ್ಜಿ ಮಾತ್ರ ತಾನೇ ಒಲೆ ಮುಂದೆ ಕೂತು, ಎಷ್ಟೋ ವರ್ಷಗಳ ಮೇಲೆ ಮುದ್ದೆ ತೊಳಸಿದಳು. ಸೊಸೆಯ ತಟ್ಟೆಗೆ ದೊಡ್ಡದೊಂದು ಇಟ್ಟಳು. ಹೊಗೆಯಾಡುತ್ತಿತ್ತು. ನಾವು ಮೂವರೂ ಆ ತಟ್ಟೆಯನ್ನೇ ನೋಡಿದೆವು.

ಅವ್ವ ಮುದ್ದೆಯನ್ನು ಎರಡೂ ಕೈಯಲ್ಲಿ ಎತ್ತಿ ಅಪ್ಪನ ತಟ್ಟೆಗಿಟ್ಟಳು. "ನಂಗೆ ಸಾರು ಸಾಕು ಅತ್ತೆಮ್ಮ. ಮಗೂಗೆ ಹಲ್ಲು ಬರೋವಾಗ ಒಂದ್ ಸಲ ಹೋಗಿ ಬರ್ಬೇಕು."

ಅಜ್ಜಿ ಜಗಳ ಮಾಡಲಿಲ್ಲ. ಕೈಗೆ ಅಂಟಿದ ಹಿಟ್ಟನ್ನು ಉಜ್ಜುತ್ತಾ, "ಆ ದಡದ ಹುಣಸೆಮರ ಐತಾ ಇನ್ನೂ?" ಎಂದಳು.

"ಐತೆ ಅತ್ತೆಮ್ಮ."

"ಅದ್ರಲ್ಲಿ ಜೋಕಾಲಿ ಕಟ್ತಿದ್ವಿ" ಎಂದಳು ಅಜ್ಜಿ.

ಅವ್ವ ಆಮೇಲೆ ಮುದ್ದೆ ಮುಟ್ಟಲಿಲ್ಲ. ಬೇಕಾದಾಗ ಹೋದಳು, ಬಂದಳು. ಕೇರಿಯ ಬೇರೆ ಹೆಂಗಸರೂ ಬಂದು ಹೊನಗೊನ್ನೆ ಸೊಪ್ಪಿನ ಕಡ್ಡಿ ಕೇಳಿಕೊಂಡು ಹೋದರು. ಕೆಲವರು ದಾಟಿದರು, ಕೆಲವರು ಅವಲಕ್ಕಿಯಲ್ಲೇ ಸಿಕ್ಕಿಕೊಂಡರು. ಅಕ್ಕನ ಮಗಳು ಅವ್ವನ ಮುಖ ಗುರುತಿಸಿ ನಗುವುದನ್ನು ಕಲಿತಳು. ಇದೆಲ್ಲ ಒಳ್ಳೆಯದೇ. ಆದರೆ ಅವ್ವ ಹಸಿದದ್ದನ್ನು ನಾನು ಮತ್ತೆ ನೋಡಲಿಲ್ಲ. ಒಲೆಯ ಪಕ್ಕ ಕಾಲು ಚಾಚಿ, ಕಣ್ಣು ಮುಚ್ಚಿ, ಯಾರು ಕರೆದರೂ ಓಗೊಡದೆ ನುಂಗುತ್ತಿದ್ದ ಆ ಹೆಂಗಸು ಸೇತುವೆಯ ಮೇಲೆ ಎಲ್ಲೋ ಇಳಿದುಹೋದಳು.

ಎರಡು ವರ್ಷದ ಮೇಲೆ ನನಗೆ ಆಚೆಯ ಪಟ್ಟಣದ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಈಗ ನಾನು ಇರುವುದು ಅಲ್ಲಿನ ಹಾಸ್ಟೆಲ್ಲಿನಲ್ಲಿ. ಇಲ್ಲಿ ಸಾರು ನೀರು, ಅನ್ನ ಅಂಟು, ಲೈಬ್ರರಿ ಮಾತ್ರ ಚೆನ್ನಾಗಿದೆ. ಬಂದ ಹೊಸದರಲ್ಲಿ ಹುಡುಗಿಯರು ನನ್ನನ್ನು ನೋಡಿ ಮುಸಿಮುಸಿ ನಕ್ಕರು. ನನ್ನಷ್ಟು ದಪ್ಪಗಿದ್ದವರು ಆ ಬ್ಯಾಚಿನಲ್ಲಿ ಯಾರೂ ಇರಲಿಲ್ಲ. ಈಗ ಅರ್ಧವಾಗಿದ್ದೇನೆ. ರಜೆ ಬಂದರೆ ಸಾಕು, ಹೊಟ್ಟೆ ತುಂಬ ಉಂಡು, ಪುಸ್ತಕದ ಚೀಲ ಬೀಸಿಕೊಂಡು ಸೇತುವೆ ಹತ್ತುತ್ತೇನೆ. ನನಗೆ ಅದು ಎಂದೂ ಉದ್ದವಾಗಿಲ್ಲ.

ಸೀಟು ಸಿಕ್ಕಿದ ದಿನದಿಂದ ನಾನು ಹೊರಡುವವರೆಗೂ ಅವ್ವ ನನ್ನನ್ನು ಉಣ್ಣಿಸಿದಳು. ಬೆಳಿಗ್ಗೆ ಮುದ್ದೆ, ಮಧ್ಯಾಹ್ನ ತುಪ್ಪದ ಅನ್ನ, ಸಂಜೆಗೆ ಕಜ್ಜಾಯ. ಅಜ್ಜಿ ಪಾಕ ಹದ ಮಾಡಿ ಕೊಟ್ಟಳು, ಅಪ್ಪ ಬಾಳೆಗೊನೆಯನ್ನು ಅಟ್ಟದಿಂದ ಇಳಿಸಿದ. ನನ್ನ ಲಂಗಗಳೆಲ್ಲ ಬಿಗಿಯಾದವು, ಹೊಲಿಗೆ ಬಿಚ್ಚಿದಳು. ಹೊರಡುವ ದಿನ ಬೆಳಿಗ್ಗೆ ಇನ್ನು ಒಂದು ತುತ್ತೂ ಆಗದು ಎಂದು ನಾನು ತಟ್ಟೆಗೆ ಅಡ್ಡ ಕೈ ಹಿಡಿದೆ. ಅವ್ವ ಎದುರಿಗೆ ಕೂತಿದ್ದಳು, ಮಜ್ಜಿಗೆಯ ಲೋಟ ಹಿಡಿದು. ನನ್ನ ಕೈ ಸರಿಸಿ, ಸಾರಿನ ನಡುವೆ ಬಿಸಿ ಮುದ್ದೆ ಇಟ್ಟಳು.

"ಉಣ್ಣು" ಎಂದಳು. "ಇದು ವಾಪಸ್ ಬರೋಕೆ."